ಎರಡು ರಕಅತ್, ನಾಲ್ಕು ರಕಅತ್

ಹಿಜ್ರತ್ ಎಂಬ ಪದವನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಊರು ಬದಲಿಸಿದರೂ ಹಿಜ್ರತ್, ಉದ್ಯೋಗ ಬದಲಿಸಿದರೂ ಹಿಜ್ರತ್. ನಾನೂ ಹಾಗೆಯೇ ಬಳಸಿದವನು. ಅದೂ ಯಾವುದೋ ವೇದಿಕೆಯಲ್ಲಲ್ಲ, ನನ್ನ ಸ್ವಂತ ತಾಯಿಯ ಬಾಯಿ ಮುಚ್ಚಿಸುವುದಕ್ಕೆ. ಆ ತಪ್ಪು ನನಗೆ ಅರಿವಾಗಲು ಎರಡು ದಿನಗಳ, ಆರುನೂರು ಕಿಲೋಮೀಟರ್‌ನಷ್ಟು ದೂರದ ಒಂದು ಪ್ರಯಾಣವೇ ಬೇಕಾಯಿತು.

ನಮ್ಮ ಊರು ಘೋಣಸಗಿ. ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನದು. ಕಪ್ಪು ನೆಲ, ಬಿಳಿಜೋಳ, ಅಲ್ಲಲ್ಲಿ ದ್ರಾಕ್ಷಿಯ ಪಡಗಳು, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡುಗಳು ಈ ಭಾಗದ ಚಿತ್ರ. ನೀರಿದ್ದರೆ ಬಂಗಾರ, ಇಲ್ಲದಿದ್ದರೆ ಸಾಲ. ಅಬ್ಬಾ ತೀರಿಕೊಂಡ ಮೇಲೆ ನಮ್ಮ ಕೊಳವೆ ಬಾವಿಯೂ ಕೈಕೊಟ್ಟಿತು. ನಾನು ಅತಿಥಿ ಶಿಕ್ಷಕನಾಗಿ ವರ್ಷದಿಂದ ವರ್ಷಕ್ಕೆ ಅನಿಶ್ಚಿತತೆಯಲ್ಲಿ ದಿನ ದೂಡುತ್ತಿದ್ದೆ. ಹೀಗಿರುವಾಗ ಮಂಗಳೂರಿನ ಒಂದು ಶಾಲೆಯಲ್ಲಿ ಕನ್ನಡ ಅಧ್ಯಾಪಕನ ಹುದ್ದೆ ದೊರೆಯಿತು. ಮಕ್ಕಳ ಶಿಕ್ಷಣಕ್ಕೂ ಒಳ್ಳೆಯ ಅವಕಾಶ. ಪತ್ನಿ ಒಪ್ಪಿದಳು. ಒಪ್ಪದವರು ಅಮ್ಮ ಒಬ್ಬರೇ.

ಅಮ್ಮ ಜಗಳವಾಡಲಿಲ್ಲ. "ನೀವು ಹೋಗ್ರಿ, ನಾ ಇಲ್ಲೇ ಇರ್ತೀನಿ" ಎಂದಷ್ಟೇ ಹೇಳುತ್ತಿದ್ದರು. ಅರವತ್ತೆಂಟು ವರ್ಷದ, ಮಂಡಿನೋವಿನ ತಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗುವುದಾದರೂ ಹೇಗೆ? ತಿಂಗಳುಗಟ್ಟಲೆ ಸಮಾಧಾನದ ಮಾತುಗಳನ್ನಾಡಿದೆ. ಕೊನೆಗೆ ಒಂದು ರಾತ್ರಿ ತಾಳ್ಮೆ ತಪ್ಪಿತು. ಅಲ್ಲಾಹನ ಭೂಮಿ ವಿಶಾಲವಾಗಿದೆಯೆಂದು ಕುರ್‌ಆನ್ ಹೇಳಿಲ್ಲವೇ, ಪ್ರವಾದಿ(ಸ)ರವರು ಮಕ್ಕಾವನ್ನೇ ತೊರೆದು ಹಿಜ್ರತ್ ಹೋಗಲಿಲ್ಲವೇ, ಮಣ್ಣಿನ ಮೇಲೆ ಇಷ್ಟೊಂದು ಮೋಹವಿಟ್ಟುಕೊಳ್ಳುವುದು ಈಮಾನಿನ ದೌರ್ಬಲ್ಯ ಎಂದುಬಿಟ್ಟೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ ಹೇಳಿದರು: "ನೀ ಪಗಾರಕ್ಕ ಹೊಂಟೀಯಪಾ ಬೇಟಾ. ಹೋಗು, ತಪ್ಪಲ್ಲ. ಆದ್ರ ಅದಕ್ಕ ಪಗಾರ ಅನ್ನು, ಹಿಜ್ರತ್ ಅನಬ್ಯಾಡ."

ಶಾಲೆಯ ಮೆಟ್ಟಿಲು ಹತ್ತದ ನನ್ನ ಅಮ್ಮ, ತನಗೆ ತಿಳಿಯದೆಯೇ, ಇಮಾಮ್ ಬುಖಾರಿಯವರು ತಮ್ಮ ಸಂಗ್ರಹದ ಮೊದಲಿಗೇ ಇರಿಸಿದ ಹದೀಸ್‌ನ ತಾತ್ಪರ್ಯವನ್ನು ನನ್ನ ಮುಂದಿಟ್ಟಿದ್ದರು. ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆ. ಲೌಕಿಕ ಲಾಭಕ್ಕಾಗಿ ಊರು ಬಿಟ್ಟವನ ಹಿಜ್ರತ್ ಆ ಲಾಭಕ್ಕೇ ಸಲ್ಲುತ್ತದೆ ಎಂಬುದೇ ಅದರ ಸಾರ. ನನಗೆ ಆಗ ಅದು ಹೊಳೆಯಲಿಲ್ಲ. ಹೊಳೆದದ್ದು ನನ್ನ ಸೋಲು ಮಾತ್ರ. ಮರುದಿನ ಅಮ್ಮನೇ, "ಆತು, ಬರ್ತೀನಿ" ಎಂದರು. ಗೆದ್ದೆನೆಂದು ಭಾವಿಸಿದೆ.

ಮೇ ತಿಂಗಳ ಕೊನೆಯ ವಾರ ಹೊರಟೆವು. ಸಾಮಾನುಗಳನ್ನು ಹಿಂದಿನ ದಿನವೇ ಟೆಂಪೋದಲ್ಲಿ ಕಳುಹಿಸಿಯಾಗಿತ್ತು. ಫಜ್ರ್ ನಮಾಝ್ ಮುಗಿಸಿ ನಾನು ಖಬರ್‌ಸ್ತಾನಕ್ಕೆ ಹೋಗಿ ಅಬ್ಬಾರಿಗಾಗಿ ದುಆ ಮಾಡಿ ಬಂದೆ. ಅಮ್ಮ ಗೋಡೆಯ ಹೊರಗೆ ನಿಂತು ಅಲ್ಲಿಂದಲೇ ಕೈಯೆತ್ತಿದರು. ಪಕ್ಕದ ಮನೆಯ ಲಿಂಗಾಯತ ಅಜ್ಜಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಗಂಟನ್ನು ಅಮ್ಮನ ಮಡಿಲಿಗೆ ಹಾಕಿ, "ಯಕ್ಕಾ, ಅಲ್ಲಿ ಬರೀ ಅನ್ನ ಉಣ್ತಾರಂತ, ನೀ ಹೆಂಗ ಇರ್ತೀ?" ಎಂದು ಅತ್ತರು. ಅಮ್ಮ ಅಳಲಿಲ್ಲ. ಹೊರಡುವವರು ಹಿಂದೆ ಉಳಿಯುವವರನ್ನು ಅಲ್ಲಾಹನ ಸುಪರ್ದಿಗೆ ಒಪ್ಪಿಸಬೇಕೆಂದು, ಅವನಿಗೆ ಒಪ್ಪಿಸಿದ್ದು ಎಂದೂ ನಷ್ಟವಾಗದೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಅಮ್ಮ ಆ ಅಜ್ಜಿಯ ಕೈ ಹಿಡಿದು ಹೇಳಿದ್ದೂ ಅಷ್ಟೇ: "ನಿನ್ನ ಅವನ ಕೈಯಾಗ ಕೊಟ್ಟೀನಿ."

ಕಾರು ಊರ ಸೀಮೆ ದಾಟುವಾಗ ಮಗಳು ಪ್ರಯಾಣದ ದುಆವನ್ನು ಗಟ್ಟಿಯಾಗಿ ಓದಿದಳು. ಈ ವಾಹನವನ್ನು ನಮಗೆ ಅಧೀನಗೊಳಿಸಿಕೊಟ್ಟವನು ಪರಿಶುದ್ಧನು ಎಂಬ ಸ್ತುತಿಯೊಂದಿಗೆ ಅದು ಆರಂಭವಾಗುತ್ತದೆ. ನಾವು ನಮ್ಮ ಪ್ರಭುವಿನೆಡೆಗೇ ಮರಳುವವರು ಎಂಬ ಮಾತಿನೊಂದಿಗೆ ಮುಗಿಯುತ್ತದೆ. ಎಲ್ಲಿಗೇ ಹೊರಟರೂ ಕೊನೆಯ ನಿಲ್ದಾಣವನ್ನು ನೆನಪಿಸಿಯೇ ಕಳುಹಿಸುವ ದುಆ ಅದು.

"ಇನ್ ಎರಡ ರಕಾತ ಏನ್?" ಎಂದು ಅಮ್ಮ ಕೇಳಿದರು. ಹೌದು ಅಮ್ಮಾ ಎಂದೆ. ನಿಗದಿತ ದೂರದ ಪ್ರಯಾಣಕ್ಕೆ ಹೊರಟು ಊರ ಮನೆಗಳನ್ನು ದಾಟಿದಲ್ಲಿಂದ ನಾವು ಮುಸಾಫಿರರು. ಝುಹ್ರ್, ಅಸ್ರ್, ಇಶಾಗಳ ನಾಲ್ಕು ರಕಅತ್‌ಗಳು ಎರಡಾಗುತ್ತವೆ. ಫಜ್ರ್ ಮತ್ತು ಮಗ್‌ರಿಬ್ ಇದ್ದಂತೆಯೇ ಇರುತ್ತವೆ. ಭಯದ ಕಾಲ ಕಳೆದ ಮೇಲೂ ಈ ರಿಯಾಯಿತಿ ಏಕೆಂಬ ಪ್ರಶ್ನೆಗೆ, ಇದು ಅಲ್ಲಾಹನು ನಿಮಗೆ ನೀಡಿದ ದಾನ, ಸ್ವೀಕರಿಸಿರಿ ಎಂಬರ್ಥದಲ್ಲಿ ಪ್ರವಾದಿ(ಸ)ರವರು ಉತ್ತರಿಸಿದ್ದನ್ನು ಹಝ್ರತ್ ಉಮರ್(ರ) ತಿಳಿಸಿದ್ದಾರೆ.

ವಿಜಯಪುರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮುಹಮ್ಮದ್ ಆದಿಲ್ ಶಾಹನ ಗೋಲಗುಮ್ಮಟವನ್ನು ಮಕ್ಕಳು ಕಾರಿನ ಕಿಟಕಿಯಿಂದಲೇ ಬೀಳ್ಕೊಟ್ಟರು. ಈ ನಗರವನ್ನು ಬೆಳೆಸಿದವರಲ್ಲಿ ವಲಸೆ ಬಂದವರೂ ಇದ್ದರು. 1490ರಿಂದ 1686ರವರೆಗೆ ಆಳಿದ ಆದಿಲ್ ಶಾಹಿಗಳ ಕಾಲದಲ್ಲಿ ಪರ್ಶಿಯಾ, ಅರೇಬಿಯಾ, ಆಫ್ರಿಕಾದಿಂದ ಬಂದವರು ಇಲ್ಲಿ ಬೇರೂರಿದರು. ನಮ್ಮಂಥ ಸಾಮಾನ್ಯರ ಪೂರ್ವಜರೂ ಎಲ್ಲಿಂದಲೋ ಬಂದವರೇ ಇರಬೇಕು ಎಂದು ನಾನು ಹೇಳಿದೆ. ಅದೂ ವಾದದ ಮುಂದುವರಿಕೆಯೇ ಆಗಿತ್ತು. ಅಮ್ಮ ಉತ್ತರಿಸಲಿಲ್ಲ.

ಮಕ್ಕಳಿಗೆ ದಾರಿಯಲ್ಲಿ ಉದ್ಯಾನ ತೋರಿಸುವುದಾಗಿ ಮಾತು ಕೊಟ್ಟಿದ್ದರಿಂದ ಬಳಸು ದಾರಿಯಾದರೂ ನಿಡಗುಂದಿಯ ಮೂಲಕ ಆಲಮಟ್ಟಿಗೆ ಹೋದೆವು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟು ಅದು. 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ಮಕ್ಕಳು ರಾಕ್ ಗಾರ್ಡನ್‌ನ ಪ್ರಾಣಿ ಪ್ರತಿಮೆಗಳ ನಡುವೆ ಓಡಾಡಿದರು. ಸಂಗೀತ ಕಾರಂಜಿ ಸಂಜೆ ಮಾತ್ರ ಎಂದು ತಿಳಿದು ಮುಖ ಸಣ್ಣದು ಮಾಡಿಕೊಂಡರು. ಪತ್ನಿ ಅವರ ಹಿಂದೆ ಹೋದಳು. ಅಮ್ಮ ಮಾತ್ರ ನೀರು ಕಾಣುವ ಕಡೆ ನೆರಳಿನಲ್ಲಿ ಕುಳಿತಿದ್ದರು. ಬೇಸಿಗೆಯಲ್ಲಿ ತಗ್ಗಿದ್ದರೂ ದೂರದವರೆಗೆ ನೀರೇ ನೀರು.

"ಅಮ್ಮಾ, ಚಹಾ ತರ್ಲಿ?" ಎಂದು ಕೇಳಲು ಹೋದವನಿಗೆ ಅಮ್ಮ ಕೈ ತೋರಿಸಿ ಹೇಳಿದರು: "ನನ್ನ ತವರಮನಿ ಇದರಾಗ ಐತಿ."

ನನಗೆ ಗೊತ್ತಿರದ ಸಂಗತಿಯೇನಲ್ಲ. ಅಮ್ಮನ ತವರು ಮುಳುಗಡೆಯಾದ ಹಳ್ಳಿಗಳಲ್ಲಿ ಒಂದು. ನನ್ನ ಮಾವಂದಿರು ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡರು. ಬಾಲ್ಯದಲ್ಲಿ ನಾನು ಆ ಹಳೆಯ ಊರಿನ ನದಿಯಲ್ಲಿ ಈಜಿದ್ದೇನೆ. ಆದರೆ 'ಮುಳುಗಡೆ' ಎಂಬುದು ನಮ್ಮ ಕಡೆ ಎಷ್ಟು ಸಾಮಾನ್ಯ ಪದವಾಗಿದೆಯೆಂದರೆ, ಅದರೊಳಗೆ ನನ್ನ ಅಮ್ಮನ ಅಂಗಳ ಮುಳುಗಿದೆಯೆಂದು ನಾನು ಎಂದೂ ಯೋಚಿಸಿರಲಿಲ್ಲ.

"ನಮ್ಮಪ್ಪ ನಮ್ಮವ್ವನ ಕಬರೂ ಅಲ್ಲೇ. ಅವರಿಗೆ ಸಲಾಮ ಹೇಳಾಕ ಎಲ್ಲಿ ನಿಂದರಬೇಕು ಗೊತ್ತಾಗೂದಿಲ್ಲ. ನಿಮ್ಮಬ್ಬಾದಾದರೂ ಕಣ್ಣಿಗಿ ಕಾಣ್ತಿತ್ತು" ಎಂದರು. ಅವರ ಧ್ವನಿಯಲ್ಲಿ ದೂರಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಹೆಂಗಸು ಒಂದು ಊರನ್ನು ಆಗಲೇ ಕಳೆದುಕೊಂಡಿದ್ದರು. ಆಗಲೂ ಯಾರೂ ಅವರನ್ನು ಕೇಳಿರಲಿಲ್ಲ. ಉಳಿದ ಇನ್ನೊಂದನ್ನು ನಾನು ಕುರ್‌ಆನ್, ಹದೀಸ್‌ಗಳ ಹೆಸರು ಹೇಳಿ ಬಿಡಿಸಿದ್ದೆ.

ಆಲಮಟ್ಟಿಯಿಂದ ಬಾಗಲಕೋಟೆಗೆ ಬಂದಾಗ ನವನಗರದ ಸೆಕ್ಟರ್‌ಗಳ ನಡುವೆ ಸಾಗಿದೆವು. ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗವನ್ನು ಬಿಟ್ಟುಕೊಟ್ಟವರಿಗಾಗಿ ಕಟ್ಟಿದ ಊರದು. ಅಗಲವಾದ ರಸ್ತೆಗಳು, ಅಳತೆಯ ನಿವೇಶನಗಳು. ಒಂದು ಪಟ್ಟಣಕ್ಕೆ ಪಟ್ಟಣವೇ ಮನೆ ಬದಲಿಸಿ ಬದುಕಿದೆ. ಎಲ್ಲವೂ ಕೊನೆಗೆ ಒಂದು ಹದಕ್ಕೆ ಬರುತ್ತದೆಂಬುದಕ್ಕೆ ಅದು ಸಾಕ್ಷಿ. ಆದರೆ ಹದಕ್ಕೆ ಬರುವ ಮೊದಲು ಎಷ್ಟು ತಾಯಂದಿರು ನೀರಿನ ಕಡೆ ಮುಖ ಮಾಡಿ ಕುಳಿತಿದ್ದರೋ.

ಕೆರೂರು, ನರಗುಂದ ದಾಟಿ ನವಲಗುಂದ ತಲುಪಿದಾಗ ಝುಹ್ರ್‌ನ ಹೊತ್ತು. ನವಲಗುಂದದ ಜಮಖಾನಗಳ ಹೆಸರನ್ನು ಓದುಗರು ಕೇಳಿರಬಹುದು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಜಮಖಾನಗಳನ್ನು ನೇಯುವವರು ಮುಸ್ಲಿಮ್ ಮಹಿಳೆಯರು. ನಮಾಝ್‌ಗೆ ಹಾಸುವ ಜಾನಮಾಝ್‌ಗಳನ್ನೂ ಅವರು ನೇಯುತ್ತಾರೆ. ಆದಿಲ್ ಶಾಹಿಗಳ ಕಾಲದಲ್ಲಿ ಬಿಜಾಪುರದಲ್ಲಿದ್ದ ನೇಕಾರರು ಯುದ್ಧದ ದಿನಗಳಲ್ಲಿ ಆಶ್ರಯ ಹುಡುಕಿಕೊಂಡು ಇಲ್ಲಿಗೆ ಬಂದರೆಂಬ ಪ್ರತೀತಿಯಿದೆ. ನೇಯ್ಗೆ ನಡೆಯುತ್ತಿದ್ದ ಮನೆಯೊಂದರಲ್ಲಿ ಅಮ್ಮ ಮತ್ತು ಪತ್ನಿಗೆ ನಮಾಝ್‌ಗೆ ಸ್ಥಳ ದೊರೆಯಿತು. ನೇರವಾಗಿ ನಿಲ್ಲಿಸಿದ ಮಗ್ಗದ ಮುಂದೆ ಕುಳಿತಿದ್ದ ವೃದ್ಧೆ ಅಮ್ಮನ ದಖ್ನಿ ಕೇಳಿದೊಡನೆ, "ನಮ್ಮವರೂ ನಿಮ್ಮ ಕಡೆಯವರೇ" ಎಂದರಂತೆ. ನೂರಾರು ವರ್ಷಗಳ ಹಿಂದೆ ಬಂದವರು ಇಂದಿಗೂ ತಾವು ಎಲ್ಲಿಂದ ಬಂದೆವೆಂದು ಹೇಳಿಕೊಳ್ಳುತ್ತಾರೆ. ಹಾಗೆ ಹೇಳಿಕೊಳ್ಳುತ್ತಲೇ ಈ ಊರಿಗೆ ಹೆಸರು ತಂದಿದ್ದಾರೆ. ಹಳೆಯ ಊರನ್ನು ಮರೆತರೆ ಮಾತ್ರ ಹೊಸ ಊರಿನವರಾಗುತ್ತೇವೆ ಎಂಬ ನನ್ನ ಲೆಕ್ಕ ಅಲ್ಲಿಯೂ ತಪ್ಪಿತು.

ಆ ರಾತ್ರಿ ಹುಬ್ಬಳ್ಳಿಯಲ್ಲಿ ಸಂಬಂಧಿಕರ ಮನೆಯಲ್ಲಿ ತಂಗಿದೆವು. ಸಂಜೆ ಮಕ್ಕಳನ್ನು ಇಂದಿರಾ ಗಾಜಿನ ಮನೆಯ ಉದ್ಯಾನಕ್ಕೆ ಕರೆದೊಯ್ದು ಬಂದೆ. ಎಲ್ಲರೂ ಮಲಗಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ಅಮ್ಮನ ಮುಂದೆ ನಾನು ಎತ್ತಿ ಆಡಿದ ಹಿಜ್ರತ್‌ನ ಚರಿತ್ರೆಯನ್ನೇ ಮನಸ್ಸು ಮತ್ತೆ ಮತ್ತೆ ತಿರುವಿಹಾಕಿತು.

ಪ್ರವಾದಿ(ಸ)ರವರು ಮಕ್ಕಾವನ್ನು ಸಂತೋಷದಿಂದ ಬಿಡಲಿಲ್ಲ. ಆ ನಗರದತ್ತ ನೋಡಿ, ನೀನು ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಭೂಮಿ, ನನ್ನನ್ನು ಹೊರಹಾಕದಿರುತ್ತಿದ್ದರೆ ನಿನ್ನನ್ನು ಬಿಡುತ್ತಿರಲಿಲ್ಲ ಎಂಬ ಭಾವದ ಮಾತನ್ನಾಡಿದರೆಂದು ತಿರ್ಮಿದಿಯ ವರದಿಯಿದೆ. ಮದೀನಾ ತಲುಪಿದ ಮೇಲೆ ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಬಿಲಾಲ್(ರ) ಜ್ವರದಿಂದ ಮಲಗಿದರು. ಜ್ವರ ಇಳಿದಾಗ ಬಿಲಾಲ್(ರ) ಮಕ್ಕಾದ ಕಣಿವೆಯನ್ನು, ಅಲ್ಲಿಯ ಹುಲ್ಲನ್ನು, ನೀರಿನ ನೆಲೆಗಳನ್ನು, ಬೆಟ್ಟಗಳನ್ನು ನೆನೆದು ಹಾಡಿಕೊಳ್ಳುತ್ತಿದ್ದರು. ಅದೇ ಮಕ್ಕಾದ ಸುಡುವ ಮರಳಿನ ಮೇಲೆ ಅವರ ಎದೆಗೆ ಬಂಡೆ ಹೇರಲಾಗಿತ್ತು! ಅಂತಹ ಊರಿಗಾಗಿಯೂ ಅವರ ಮನಸ್ಸು ಮರುಗಿತು. ಈ ವಿಷಯವನ್ನು ಹಝ್ರತ್ ಆಯಿಶಾ(ರ) ಬಂದು ತಿಳಿಸಿದಾಗ ಪ್ರವಾದಿ(ಸ)ರವರು ಏನು ಮಾಡಿದರು? ಬಿಲಾಲರ ಈಮಾನ್ ದುರ್ಬಲವಾಗಿದೆ ಎಂದರೇ? ಉಪದೇಶ ನೀಡಿದರೇ? ಇಲ್ಲ. ಮಕ್ಕಾ ನಮಗೆ ಪ್ರಿಯವಾದಂತೆ, ಅಥವಾ ಅದಕ್ಕಿಂತಲೂ ಹೆಚ್ಚಾಗಿ, ಮದೀನಾವನ್ನು ಪ್ರಿಯಗೊಳಿಸೆಂದು ಅಲ್ಲಾಹನಲ್ಲಿ ಬೇಡಿಕೊಂಡರು.

ಊರು ಬಿಟ್ಟವರ ದುಃಖಕ್ಕೆ ಅವರು ಕೊಟ್ಟದ್ದು ದುಆವನ್ನು. ನಾನು ಕೊಟ್ಟದ್ದು ವಾದವನ್ನು.

ಫಜ್ರ್‌ನ ನಂತರ ಅಮ್ಮನ ಬಳಿ ಕುಳಿತು ಬಿಲಾಲ್(ರ)ರ ಘಟನೆಯನ್ನು ಹೇಳಿದೆ. ಅಂದು ರಾತ್ರಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಬಿಲಾಲ್ ಹುಜೂರರೂ ನೆನಸ್ತಿದ್ರೇನು?" ಎಂದು ಅಮ್ಮ ಎರಡು ಬಾರಿ ಕೇಳಿದರು. ಅನಂತರ ಮೊದಲ ಬಾರಿಗೆ ಅತ್ತರು. ಹೊರಡುವ ದಿನ ಕಣ್ಣಲ್ಲಿ ನೀರು ಬಾರದಂತೆ ತಡೆದದ್ದು ನನ್ನ ಮಾತೇ ಆಗಿತ್ತೆಂದು ಆಗ ತಿಳಿಯಿತು. ಅತ್ತರೆ ಎಲ್ಲಿ ಈಮಾನ್ ಕಡಿಮೆಯಾಗುವುದೋ ಎಂದು ಆ ಜೀವ ಹೆದರಿತ್ತು. ಧರ್ಮದ ಮಾತನ್ನು ತಪ್ಪು ಸ್ಥಳದಲ್ಲಿ ಆಡಿದರೆ ಅದು ಎಂತಹ ಭಾರವಾಗುತ್ತದೆ ಎಂಬುದನ್ನು ಮನೆಯೊಳಗೆ ಮಾತನಾಡುವ ನಾವೆಲ್ಲರೂ ನೆನಪಿಡಬೇಕು.

ಎರಡನೆಯ ದಿನದ ದಾರಿ ಬೇರೆಯೇ ಲೋಕ. ಕಲಘಟಗಿ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಯಲ್ಲಾಪುರದ ಕಾಡಿನಲ್ಲಿ ಮಕ್ಕಳು ಕಿಟಕಿಯಿಂದ ತಲೆ ತೆಗೆಯಲಿಲ್ಲ. ಪ್ರವಾದಿ(ಸ)ರವರ ಸಂಗಾತಿಗಳು ಪ್ರಯಾಣದಲ್ಲಿ ಎತ್ತರ ಏರುವಾಗ ಅಲ್ಲಾಹು ಅಕ್ಬರ್ ಎಂದೂ ಇಳಿಯುವಾಗ ಸುಬ್‌ಹಾನಲ್ಲಾಹ್ ಎಂದೂ ಹೇಳುತ್ತಿದ್ದರು. ಅರಬೈಲ್ ಘಟ್ಟದ ತಿರುವುಗಳಲ್ಲಿ ಕಾರಿನೊಳಗೆ ಸುಬ್‌ಹಾನಲ್ಲಾಹ್ ನಿಲ್ಲಲೇ ಇಲ್ಲ. ಅರ್ಧ ಭಕ್ತಿಯಿಂದ, ಅರ್ಧ ಭಯದಿಂದ. ಧಾರವಾಡದ ಕಡೆ ಹುಟ್ಟಿ ಬೇಡ್ತಿ ಎಂಬ ಹೆಸರಿನಲ್ಲಿ ಹರಿಯುವ ನದಿ ಅಂಕೋಲಾದ ಬಳಿ ಕಡಲು ಸೇರುವಾಗ ಗಂಗಾವಳಿಯಾಗುತ್ತದೆ. ಬಯಲಿನಲ್ಲಿ ಹುಟ್ಟಿ, ಹೆಸರು ಬದಲಿಸಿಕೊಂಡು ಘಟ್ಟ ಇಳಿದ ನದಿ. ಕಡಲನ್ನು ಮೊದಲ ಬಾರಿ ಕಂಡ ಅಮ್ಮ ಬಹಳ ಹೊತ್ತು ನೋಡಿ, "ಇಷ್ಟ್ ನೀರ ಇದ್ದೂ ಕುಡಿಯಾಕ ಬರೂದಿಲ್ಲೇನು!" ಎಂದರು. ಬರಗಾಲದ ನಾಡಿನ ಹೆಣ್ಣುಮಗಳ ಮೊದಲ ಮಾತು ಅದಲ್ಲದೆ ಬೇರೇನಿದ್ದೀತು?

ಭಟ್ಕಳದಲ್ಲಿ ಅಸ್ರ್‌ಗೆ ನಿಂತೆವು. ಅಮ್ಮನಿಗೆ ಅಚ್ಚರಿ, ಅಝಾನ್ ಇಷ್ಟು ಬೇಗ ಏಕೆಂದು. ಕರಾವಳಿಯ ಮುಸ್ಲಿಮರಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು, ಅವರಲ್ಲಿ ಅಸ್ರ್‌ನ ಸಮಯ ನಮಗಿಂತ ಮೊದಲೇ ಆರಂಭವಾಗುತ್ತದೆ, ಫಜ್ರ್‌ನಲ್ಲಿ ಕುನೂತ್ ಓದುತ್ತಾರೆ ಎಂದೆಲ್ಲ ವಿವರಿಸಿದೆ. "ಅವರ ನಮಾಝೂ ನಮ್ಮದೂ ಬ್ಯಾರೆ ಏನು?" ಎಂದು ಅಮ್ಮ ಅಳುಕಿದರು. ಕಿಬ್ಲಾ ಒಂದೇ, ನಬಿ ಒಬ್ಬರೇ, ಇಮಾಮರು ತಿಳಿಸಿದ ರೀತಿಗಳಷ್ಟೇ ಬೇರೆ ಎಂದೆ. ಈ ಬಾರಿ ವಾದದ ಧ್ವನಿಯಲ್ಲಿ ಅಲ್ಲ.

ಮಂಗಳೂರಿನ ಹೊರವಲಯದ ಬಾಡಿಗೆ ಮನೆ ತಲುಪಿದಾಗ ರಾತ್ರಿಯಾಗಿತ್ತು. ಬಾಗಿಲು ತೆರೆದು ಬಿಚ್ಚದ ಗಂಟುಗಳ ನಡುವೆ ನಿಂತಾಗ ಇಶಾದ ಅಝಾನ್ ಕೇಳಿಸಿತು. ಅಮ್ಮ ವುಝೂ ಮಾಡಿ ಬಂದರು. ಜಾನಮಾಝ್ ಹಾಸಿದರು. ನಿಯ್ಯತ್ ಮಾಡುವ ಮೊದಲು ತಿರುಗಿ ಕೇಳಿದರು: "ಬೇಟಾ, ಈಗ ಎರಡೋ, ನಾಲ್ಕೋ?"

ಎಂತಹ ಪ್ರಶ್ನೆ! ಇದು ತಂಗುದಾಣವೋ, ಮನೆಯೋ? ಇಲ್ಲಿಯೇ ನೆಲೆಸುವ ಸಂಕಲ್ಪವಿದ್ದರೆ ತಲುಪಿದ ಕ್ಷಣದಿಂದಲೇ ಪೂರ್ಣ ನಮಾಝ್. ಸಂಕಲ್ಪ ಮಾಡಬೇಕಾದವರು ಅವರು, ನಾನು ಹೇಳಿಸಲಾರೆ. "ನೀವು ಇಲ್ಲಿ ಇರ್ತೀರಿ ಅನ್ನೂದಾದ್ರ ನಾಲ್ಕು, ಅಮ್ಮಾ" ಎಂದೆ.

ಅಮ್ಮ ಸ್ವಲ್ಪ ಹೊತ್ತು ನಿಂತರು. ಅನಂತರ ಕೈಯೆತ್ತಿದರು. ನಾನು ಹಿಂದಿನಿಂದ ಎಣಿಸುತ್ತಿದ್ದೆ. ನಾಲ್ಕು.

ಮರುದಿನ ನೆರೆಮನೆಯ ಬ್ಯಾರಿ ತಾಯಿಯೊಬ್ಬರು ಅಕ್ಕಿಯ ಪತ್ತಿರ್ ಮತ್ತು ಕೋಳಿ ಸಾರು ತಂದುಕೊಟ್ಟರು. ಸಾರು ಮಾಡಿದರೆ ನೀರು ಹೆಚ್ಚಿಸಿ ನೆರೆಯವರನ್ನು ನೆನೆಯಿರಿ ಎಂದು ಪ್ರವಾದಿ(ಸ)ರವರು ಹಝ್ರತ್ ಅಬೂಝರ್‌(ರ)ರಿಗೆ ಉಪದೇಶಿಸಿದ್ದು ಇಲ್ಲಿಯೂ ಜೀವಂತವಾಗಿತ್ತು. ಅವರ ಬ್ಯಾರಿ ಅಮ್ಮನಿಗೆ ತಿಳಿಯದು. ಅಮ್ಮನ ದಖ್ನಿ ಅವರಿಗೆ ತಿಳಿಯದು. ಇಬ್ಬರಿಗೂ ಕೂಡಿ ಬಂದದ್ದು ಕನ್ನಡ, ಅದೂ ಎರಡು ಬಗೆಯದು. ಭಾಷೆಗಳ ವೈವಿಧ್ಯವು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ಕುರ್‌ಆನ್ ಹೇಳಿರುವುದನ್ನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕಂಡೆ. ಪಾತ್ರೆಯನ್ನು ಖಾಲಿ ಕಳುಹಿಸಬಾರದೆಂದು ಅಮ್ಮ ಊರಿನಿಂದ ತಂದ ಜೋಳದ ಹಿಟ್ಟು ತೆಗೆದು ರೊಟ್ಟಿ ಬಡಿಯಲು ಕುಳಿತರು.

ಆರು ತಿಂಗಳ ನಂತರ ಅಮ್ಮನನ್ನು ಘೋಣಸಗಿಗೆ ಕರೆದೊಯ್ದೆ. ನಾಲ್ಕು ದಿನಗಳ ಭೇಟಿ. ಅಬ್ಬಾರ ಖಬರಿನ ಕಡೆ ಮುಖ ಮಾಡಿ ಸಲಾಮ್ ಹೇಳಿ ಬಂದ ಮೇಲೆ ಝುಹ್ರ್‌ನ ಹೊತ್ತಾಯಿತು. ಐವತ್ತು ವರ್ಷ ನಾಲ್ಕು ರಕಅತ್ ನಮಾಝ್ ಮಾಡಿದ್ದ ಅದೇ ಕೋಣೆ. ಕುಟುಂಬ ಸಮೇತ ಬೇರೆಡೆ ನೆಲೆಸಿದವರು ಹಳೆಯ ಊರಿಗೆ ಕೆಲವು ದಿನಗಳಿಗಾಗಿ ಬಂದರೆ ಮುಸಾಫಿರರೇ ಎಂದು ನಾವು ಕೇಳಿದ ಆಲಿಮರು ತಿಳಿಸಿದ್ದರು. ಮನೆ, ಸಂಬಂಧಗಳು ಉಳಿದಿರುವವರು ತಮ್ಮ ಸಂದರ್ಭವನ್ನು ವಿವರಿಸಿ ವಿದ್ವಾಂಸರಲ್ಲಿ ಕೇಳಿಕೊಳ್ಳುವುದು ಉತ್ತಮ.

ನಾನು ಅಮ್ಮನ ಮುಖ ನೋಡಲು ಹಿಂಜರಿದೆ. ಹುಟ್ಟಿದ ಮಕ್ಕಾಕ್ಕೆ ವಿಜಯಿಯಾಗಿ ಮರಳಿದ ಪ್ರವಾದಿ(ಸ)ರವರೂ ಅಲ್ಲಿ ಎರಡೇ ರಕಅತ್ ನಮಾಝ್ ಮಾಡಿ, ನೀವು ಪೂರ್ಣಗೊಳಿಸಿರಿ, ನಾವು ಪ್ರಯಾಣಿಕರು ಎಂಬ ಅರ್ಥದಲ್ಲಿ ಊರಿನವರಿಗೆ ತಿಳಿಸಿದ್ದರೆಂಬುದನ್ನು ನೆನಪಿಸಿದೆ.

ಅಮ್ಮ ಎರಡು ರಕಅತ್ ಮುಗಿಸಿ ಸಲಾಮ್ ಹೇಳಿದರು. ಗೋಡೆಯ ಮೇಲೆ ಅಬ್ಬಾರ ಟೋಪಿ ತೂಗುಹಾಕುತ್ತಿದ್ದ ಮೊಳೆ ಇನ್ನೂ ಇತ್ತು. ಅದನ್ನು ನೋಡಿ, "ಅಲ್ಲಿ ನಾಲ್ಕು, ಇಲ್ಲಿ ಎರಡು. ಹೋಗ್ಲಿ ಬಿಡು ಬೇಟಾ, ದುನಿಯಾದಾಗ ಎಲ್ಲಾರೂ ಎರಡ ರಕಾತಿನವರ" ಎಂದರು.

ಓ ಅಲ್ಲಾಹ್, ಊರು ಬಿಟ್ಟವರಿಗೆ ಹೊಸ ಊರನ್ನು ಪ್ರಿಯಗೊಳಿಸು. ಬಿಟ್ಟು ಬಂದ ಊರಿನ ನೆನಪನ್ನು ಅವರ ಹೃದಯಕ್ಕೆ ಹಗುರಗೊಳಿಸು. ನೀರಿನಡಿಯಲ್ಲಿ, ಮಣ್ಣಿನಡಿಯಲ್ಲಿ ಮಲಗಿರುವ ನಮ್ಮ ಹಿರಿಯರನ್ನು ನಾವು ತಲುಪಲಾರದ ಕಡೆಯೂ ನಿನ್ನ ಕರುಣೆ ತಲುಪಲಿ. ಹೆತ್ತವರೊಂದಿಗೆ ನಿನ್ನ ಧರ್ಮದ ಮಾತನ್ನಾಡುವಾಗ ನಮ್ಮ ನಾಲಗೆಗೆ ಮೃದುತ್ವವನ್ನು ಕೊಡು. ಆಮೀನ್.